ಕಣ್ಣಿನೊಳಗಿನ ಹಗಲುವೇಷಗಾರ

ಚಾಮರಾಜನಗರದ ಗಡಿಯಿಂದ ದಿಂಬಂ ಘಟ್ಟವನ್ನಿಳಿದು ಸತ್ಯಮಂಗಲದ ಮಾರ್ಗವಾಗಿ ಮುಂದೆ ಸಾಗಿದರೆ ದೊರೆಯುವ ದೊಡ್ಡ ನಗರ ಕೊಯಮತ್ತೂರು. 2004-05ರಲ್ಲಿ ಆ ನಗರದ ಅರವಿಂದ ಕಣ್ಣಾಸ್ಪತ್ರೆಯ ವೈದ್ಯರು ಅಸಹಜವಾದ ಸಂಗತಿಯೊಂದನ್ನು ಗಮನಿಸಿದರು. ಬಿಡಿಬಿಡಿಯಾಗಿ ಅಪರೂಪಕ್ಕೊಮ್ಮೆ ಕಾಣುತ್ತಿದ್ದ ಕಣ್ಣಿನ ರೋಗವೊಂದು ಒಬ್ಬರ ಹಿಂದೆ ಒಬ್ಬರಲ್ಲಿ ಕಾಣಿಸತೊಡಗಿತ್ತು. ಲೆಕ್ಕವಿಟ್ಟಾಗ ಅಂಥವರ ಸಂಖ್ಯೆ 248ಕ್ಕೆ ಮುಟ್ಟಿತು. ರಕ್ತಪರೀಕ್ಷೆ ಮಾಡಿದಾಗ ಬಹುಮಂದಿಗೆ ತಗುಲಿದ್ದ ಸೋಂಕು ಹಳೆಯದಲ್ಲ, ಇತ್ತೀಚಿನದು ಎಂಬುದು ತಿಳಿಯಿತು. ಒಂದೇ ಊರಿನ ಇಷ್ಟೊಂದು ಜನರಿಗೆ ಏಕಕಾಲದಲ್ಲಿ ಈ ಸೋಂಕು ಎಲ್ಲಿಂದ ಬಂದೀತು? ವೈದ್ಯರ ಸಂಶಯ ಹರಿದದ್ದು ಊರಿನ ಕುಡಿಯುವ ನೀರಿನತ್ತ.

ಆ ರೋಗದ ಹೆಸರು ಟಾಕ್ಸೊಪ್ಲಾಸ್ಮೋಸಿಸ್. ಟಾಕ್ಸೊಪ್ಲಾಸ್ಮಾ ಗೊಂಡಿ ಎಂಬ ಏಕಕೋಶ ಪರೋಪಜೀವಿಯಿಂದ ಬರುವಂಥದು. 1908ರಲ್ಲಿ ಟ್ಯುನಿಸ್ ನಗರದ ಪಾಶ್ಚರ್ ಸಂಸ್ಥೆಯಲ್ಲಿ ನಿಕೋಲ್ ಮತ್ತು ಮಾನ್ಸೊ ಎಂಬ ವಿಜ್ಞಾನಿಗಳು ಇದನ್ನು ಗುಂಡಿ ಎಂಬ ಇಲಿಜಾತಿಯ ಪ್ರಾಣಿಯಲ್ಲಿ ಕಂಡರು. ಸೂಕ್ಷ್ಮದರ್ಶಕದಲ್ಲಿ ಬಿಲ್ಲಿನಂತೆ ಬಾಗಿ ಕಾಣುವುದರಿಂದ, ಗ್ರೀಕ್ ಭಾಷೆಯ ಬಿಲ್ಲಿನ ಪದವನ್ನು ಇದರ ಹೆಸರಿಗೆ ಜೋಡಿಸಿದರು. ಇದರ ಮೂಲ ಮನೆ ಬೆಕ್ಕಿನ ಕರುಳು. 1970ರ ಸುಮಾರಿಗೆ ಈ ರಹಸ್ಯ ಬಯಲಾಯಿತು. ಅದನ್ನು ಬಯಲು ಮಾಡಿದವರಲ್ಲಿ ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಪಶುವೈದ್ಯ ವಿಜ್ಞಾನಿ ಜಿತೇಂದ್ರ ಪ್ರಕಾಶ ದುಬೆಯವರೂ ಒಬ್ಬರು. ಇಲಿಯನ್ನೋ ಹಕ್ಕಿಯನ್ನೋ ತಿಂದು ಮೊದಲ ಬಾರಿಗೆ ಸೋಂಕು ತಗುಲಿಸಿಕೊಂಡ ಬೆಕ್ಕು, ಒಂದೆರಡು ವಾರಗಳ ಕಾಲ ತನ್ನ ಮಲದಲ್ಲಿ ಲಕ್ಷಾಂತರ ಮೊಟ್ಟೆಕೋಶಗಳನ್ನು ಹೊರಹಾಕುತ್ತದೆ. ಹೊರಬಿದ್ದ ಒಂದರಿಂದ ಐದು ದಿನಗಳಲ್ಲಿ ಅವು ಸೋಂಕು ಹರಡುವ ಶಕ್ತಿಯನ್ನು ಪಡೆಯುತ್ತವೆ. ಹಸಿ ಮಣ್ಣಿನಲ್ಲಿ ವರ್ಷಕ್ಕೂ ಹೆಚ್ಚು ಕಾಲ ಬದುಕಿರಬಲ್ಲವು. ಅಲ್ಲಿಂದ ಮಳೆಯ ನೀರಿಗೆ, ಕೆರೆಗೆ, ತೋಟದ ಸೊಪ್ಪಿಗೆ, ಮೇಯುವ ಆಡುಕುರಿಗಳ ಹೊಟ್ಟೆಗೆ ಸೇರುತ್ತವೆ.

ಅರೆಬೆಂದ ಮಾಂಸದಿಂದ ಬರುವ ರೋಗವಿದು ಎಂದು ಪುಸ್ತಕಗಳಲ್ಲಿ ಓದಿದವರು, ‘ನಮ್ಮದು ಶುದ್ಧ ಸಸ್ಯಾಹಾರದ ಮನೆ, ನಮಗೇಕೆ ಈ ಚಿಂತೆ?’ ಎಂದು ಕೇಳಬಹುದು. ಪ್ರಶ್ನೆ ಸಹಜವಾದುದೇ. ಮಾಂಸದ ಒಂದು ದಾರಿ ನಮ್ಮ ಮನೆಗಳಿಗೆ ಮುಚ್ಚಿದೆ, ನಿಜ. ಆದರೆ ನೀರಿನ ದಾರಿ, ಮಣ್ಣಿನ ದಾರಿ, ತೊಳೆಯದ ಕೊತ್ತಂಬರಿಯ ದಾರಿ ಎಲ್ಲರಿಗೂ ತೆರೆದೇ ಇವೆ. ಕೊಯಮತ್ತೂರಿನ ನಲ್ಲಿ, ಕುಡಿಯುವವನು ಏನುಣ್ಣುತ್ತಾನೆಂದು ಕೇಳಿ ನೀರು ಬಿಡಲಿಲ್ಲ.

ನೀರಿನಿಂದ ಹರಡಿದ್ದಕ್ಕೆ ಕೊಯಮತ್ತೂರಿಗಿಂತ ಹಿಂದಿನ ನಿದರ್ಶನವೂ ಉಂಟು. 1994-95ರಲ್ಲಿ ಕೆನಡಾದ ಪಶ್ಚಿಮ ತೀರದ ವಿಕ್ಟೋರಿಯಾ ನಗರದಲ್ಲಿ ಇದೇ ಬಗೆಯ ಪ್ರಕೋಪವಾಯಿತು. ನೂರು ಜನರಲ್ಲಿ ಹೊಸ ಸೋಂಕು ಖಚಿತವಾಯಿತು. ಅವರಲ್ಲಿ ಸುಮಾರು 20 ಜನರಿಗೆ ಕಣ್ಣಿಗೇ ಪೆಟ್ಟು ಬಿದ್ದಿತ್ತು. ಊರಿನಲ್ಲಿ ಒಟ್ಟು ಸುಮಾರು 2,900ರಿಂದ 7,700 ಜನರಿಗೆ ಸೋಂಕು ತಗುಲಿರಬಹುದೆಂದು ತಜ್ಞರು ಅಂದಾಜಿಸಿದರು. ಅಲ್ಲಿನ ನೀರನ್ನು ರಾಸಾಯನಿಕದಿಂದ ಶುದ್ಧಿಗೊಳಿಸುತ್ತಿದ್ದರೇ ಹೊರತು ಸೋಸುತ್ತಿರಲಿಲ್ಲ. ಕುಡಿಯುವ ನೀರಿಗೆ ಸಾಮಾನ್ಯವಾಗಿ ಬೆರೆಸುವಷ್ಟು ಕ್ಲೋರಿನ್ ಈ ಮೊಟ್ಟೆಕೋಶಗಳನ್ನು ಕೊಲ್ಲಲಾರದು. ನಲ್ಲಿಯ ನೀರಿಗೆ ಕ್ಲೋರಿನ್ ವಾಸನೆ ಇದೆಯೆಂದು ನಿಶ್ಚಿಂತರಾಗುವವರು ಇದನ್ನು ನೆನಪಿಡಬೇಕು.

ಜಗತ್ತಿನ ಜನರಲ್ಲಿ ಸರಿಸುಮಾರು ಮೂರನೆಯ ಒಂದು ಭಾಗದವರ ದೇಹದಲ್ಲಿ ಈ ಜೀವಿ ಇದೆಯೆಂಬುದು ಬಹುಕಾಲದ ಅಂದಾಜು. ಅವರಲ್ಲಿ ಹೆಚ್ಚಿನವರಿಗೆ ಅದರ ಸುಳಿವೂ ಸಿಗುವುದಿಲ್ಲ. ಸ್ವಲ್ಪ ಜ್ವರ, ಕೊರಳಿನಲ್ಲಿ ಗಂಟು, ಒಂದೆರಡು ವಾರ ಆಯಾಸ, ಅಷ್ಟೆ. ಆಮೇಲೆ ದೇಹದ ರೋಗನಿರೋಧಕ ಶಕ್ತಿ ಅದನ್ನು ಅದುಮಿಡುತ್ತದೆ. ಅದುಮಿಡುತ್ತದೆಯೇ ಹೊರತು ಅಳಿಸುವುದಿಲ್ಲ. ಮೆದುಳು, ಸ್ನಾಯು ಮತ್ತು ಕಣ್ಣಿನ ಅಕ್ಷಿಪಟಲದಲ್ಲಿ ಅದು ಸಣ್ಣ ಕೋಶಗಳನ್ನು ಕಟ್ಟಿಕೊಂಡು ಜೀವಮಾನವಿಡೀ ನಿದ್ರಿಸುತ್ತದೆ. ಆ ಕೋಶವನ್ನು ನಿರ್ಮೂಲ ಮಾಡುವ ಔಷಧ ಇಂದಿಗೂ ದೊರೆತಿಲ್ಲ.

ಅಕ್ಷಿಪಟಲವೆಂದರೆ ಕಣ್ಣಿನ ಹಿಂಭಾಗದ ಒಳಗೋಡೆಯ ಮೇಲಿರುವ ತೆಳುವಾದ ಪರದೆ. ನಾವು ನೋಡುವ ಚಿತ್ರ ಮೂಡುವುದು ಅದರ ಮೇಲೆ. ಅಲ್ಲಿ ಮಲಗಿದ್ದ ಜೀವಿ ಎಂದಾದರೊಮ್ಮೆ ಎಚ್ಚೆತ್ತಾಗ ಆ ಜಾಗ ಹುಣ್ಣಾಗುತ್ತದೆ. ಎದುರಿನ ಗಾಜಿನಂಥ ಲೋಳೆ ಉರಿಯೂತದಿಂದ ಕದಡುತ್ತದೆ. ವೈದ್ಯರು ಉಪಕರಣದ ಬೆಳಕು ಬಿಟ್ಟು ನೋಡಿದರೆ, ಮಂಜು ಕವಿದ ರಸ್ತೆಯಲ್ಲಿ ಎದುರಿನಿಂದ ಬರುವ ಮೋಟಾರಿನ ದೀಪದಂತೆ ಬಿಳಿಯ ಮಚ್ಚೆಯೊಂದು ಕಾಣುತ್ತದೆ. ಪಕ್ಕದಲ್ಲೇ ಹಳೆಯ ಹುಣ್ಣು ಮಾಗಿದ ಕಪ್ಪು ಕಲೆ ಇರುತ್ತದೆ. ರೋಗಿಗೆ ಮಾತ್ರ ದೃಷ್ಟಿ ಮಸುಕು, ಕಣ್ಣೆದುರು ನೊಣದಂತೆ ತೇಲುವ ಚುಕ್ಕೆಗಳು. ನೋವು ಹೆಚ್ಚಾಗಿ ಇರುವುದಿಲ್ಲ. ಇದು ಪಠ್ಯಪುಸ್ತಕದ ರೂಪ. ಈ ರೂಪದಲ್ಲಿ ಬಂದರೆ ಅನುಭವಿ ನೇತ್ರತಜ್ಞರು ಕ್ಷಣದಲ್ಲೇ ಗುರುತಿಸುತ್ತಾರೆ. ತೊಂದರೆ ಇರುವುದು ಆ ರೂಪದಲ್ಲಿ ಬಾರದಿದ್ದಾಗ.

ಉತ್ತರ ಕರ್ನಾಟಕದ ಊರುಗಳಲ್ಲಿ ಬೆಳೆದವರಿಗೆ ಹಗಲುವೇಷದವರು ಗೊತ್ತು. ಇಂದು ಪೊಲೀಸ್ ಜಮಾದಾರನಾಗಿ ಬಂದು ಅಂಗಡಿಕಾರನನ್ನು ಗದರಿಸಿದವನೇ ನಾಳೆ ಬೈರಾಗಿಯಾಗಿ ಅಂಗಳದಲ್ಲಿ ನಿಲ್ಲುತ್ತಾನೆ. ಕೊನೆಯ ದಿನ ವೇಷ ಕಳಚಿ ಕಾಣಿಕೆ ಕೇಳಲು ಬಂದಾಗಷ್ಟೇ ‘ಅಯ್ಯೋ, ಅವನೇ ಇವನು!’ ಎಂದು ಜನ ನಗುತ್ತಾರೆ. ಟಾಕ್ಸೊಪ್ಲಾಸ್ಮಾ ಕಣ್ಣಿನಲ್ಲಿ ಮಾಡುವುದೂ ಇದನ್ನೇ. ಆದರೆ ಅದು ವೇಷ ಕಳಚುವ ಹೊತ್ತಿಗೆ ನಗುವಂಥದ್ದೇನೂ ಉಳಿದಿರುವುದಿಲ್ಲ.

ಈ ವೇಷಕ್ಕೆ ವೈದ್ಯಲೋಕವೇ ದಶಕಗಟ್ಟಲೆ ಮೋಸಹೋಗಿತ್ತು. 1923ರಲ್ಲಿ ಪ್ರಾಗ್ ನಗರದ ಯೋಸೆಫ್ ಯಾಂಕೂ ಎಂಬ ನೇತ್ರವೈದ್ಯರು ಹನ್ನೊಂದು ತಿಂಗಳ ಮಗುವಿನ ಅಕ್ಷಿಪಟಲದಲ್ಲಿ ಈ ಜೀವಿಯ ಕೋಶಗಳನ್ನು ಕಂಡು ಬರೆದಿಟ್ಟಿದ್ದರು. ಆದರೂ ದೊಡ್ಡವರ ಕಣ್ಣಿನಲ್ಲಿ ಇಂಥ ಹುಣ್ಣು ಕಂಡರೆ ಅದು ಕ್ಷಯ, ಇಲ್ಲವೇ ಸಿಫಿಲಿಸ್ ಎಂಬುದೇ ರೂಢಿಯ ತೀರ್ಮಾನವಾಗಿತ್ತು. ವಾಷಿಂಗ್ಟನ್ನಿನ ಸೇನಾ ರೋಗಶಾಸ್ತ್ರ ಸಂಸ್ಥೆಯಲ್ಲಿ ಕೆಲಸಮಾಡುತ್ತಿದ್ದ ಹೆಲೆನಾರ್ ವೈಲ್ಡರ್ ಎಂಬ ಮಹಿಳೆ, ದೃಷ್ಟಿ ಹೋಗಿ ತೆಗೆದುಹಾಕಿದ್ದ ಇಂಥ ಕಣ್ಣುಗಳ ತೆಳು ಪದರಗಳನ್ನು ಸೂಕ್ಷ್ಮದರ್ಶಕದಡಿ ಮತ್ತೆ ತಾಳ್ಮೆಯಿಂದ ಪರೀಕ್ಷಿಸಿದರು. ಅವರಿಗೆ ವೈದ್ಯಪದವಿ ಇರಲಿಲ್ಲ. 1952ರಲ್ಲಿ ಅವರು ಪ್ರಕಟಿಸಿದ ವರದಿಯಂತೆ 53 ಕಣ್ಣುಗಳಲ್ಲಿ ಇದ್ದದ್ದು ಟಾಕ್ಸೊಪ್ಲಾಸ್ಮಾ. ಅಷ್ಟು ಜನರೂ ಬೇರೆ ರೋಗದ ಹೆಸರಿನಲ್ಲಿ ಕಣ್ಣು ಕಳೆದುಕೊಂಡಿದ್ದರು.

ಈಗ ಆ ವೇಷಗಳನ್ನು ನೋಡೋಣ. ಮೊದಲನೆಯದು ದೃಷ್ಟಿನರದ ವೇಷ. ಹುಣ್ಣು ಅಕ್ಷಿಪಟಲದ ಬಯಲಿನಲ್ಲಿ ಆಗದೆ, ಕಣ್ಣಿನಿಂದ ಮೆದುಳಿಗೆ ಹೋಗುವ ನರದ ಮೂತಿಯಲ್ಲೇ ಆಗುತ್ತದೆ. ನರ ಊದಿಕೊಳ್ಳುತ್ತದೆ, ದೃಷ್ಟಿ ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಕೆಲವೊಮ್ಮೆ ನರದಿಂದ ಸೋರಿದ ದ್ರವ ದೃಷ್ಟಿಯ ನಡುಬಿಂದುವಿನ ಸುತ್ತ ನಕ್ಷತ್ರಾಕಾರವಾಗಿ ಹೆಪ್ಪುಗಟ್ಟುತ್ತದೆ. ಇದನ್ನು ನೋಡಿದವರಿಗೆ ಮೊದಲು ಹೊಳೆಯುವುದು ಸಾಮಾನ್ಯ ನರದ ಉರಿಯೂತ. ಅದಕ್ಕೆ ಕೊಡುವ ಚಿಕಿತ್ಸೆ ದೊಡ್ಡ ಪ್ರಮಾಣದ ಸ್ಟೀರಾಯ್ಡ್.

ಇನ್ನೊಂದು ವೇಷದಲ್ಲಿ ಮಂಜೂ ಇಲ್ಲ, ದೀಪವೂ ಇಲ್ಲ. ಅಕ್ಷಿಪಟಲದ ತೀರ ಹಿಂದಿನ ಪದರದಲ್ಲಿ ಬೂದುಬಿಳಿಯ ಸಣ್ಣ ಚುಕ್ಕೆಗಳು ಮಾತ್ರ, ರಾಗಿ ಕಾಳು ಚೆಲ್ಲಿದಂತೆ. ಕಣ್ಣಿನೊಳಗಿನ ಲೋಳೆ ಹೆಚ್ಚುಕಡಿಮೆ ತಿಳಿಯಾಗಿಯೇ ಇರುತ್ತದೆ. ಹೆಚ್ಚಾಗಿ ಎಳೆಯರಲ್ಲೂ ತರುಣರಲ್ಲೂ ಕಾಣುವ ಈ ರೂಪ ಬೇರೆ ಹತ್ತಾರು ಉರಿಯೂತಗಳನ್ನು ಹೋಲುತ್ತದೆ. ಚುಕ್ಕೆ ಮಾಯುತ್ತದೆ, ಪಕ್ಕದಲ್ಲಿ ಮತ್ತೆ ಹುಟ್ಟುತ್ತದೆ.

ರಕ್ತನಾಳದ ವೇಷವೂ ಉಂಟು. ಅಪಧಮನಿಗಳ ಮೇಲೆ ಮಣಿ ಪೋಣಿಸಿದಂತೆ ಬಿಳಿಯ ಗಂಟುಗಳು ಸಾಲಾಗಿ ಕಾಣುತ್ತವೆ. ಹುಣ್ಣಿನ ಬಳಿ ಹಾದುಹೋಗುವ ನಾಳವೇ ಕಟ್ಟಿಕೊಂಡು, ಅದು ರಕ್ತ ಉಣಿಸುತ್ತಿದ್ದ ಭಾಗ ಬರಡಾಗಬಹುದು. ಐವತ್ತು ದಾಟಿದವರ ಕಣ್ಣಿನಲ್ಲಿ ನಾಳ ಕಟ್ಟಿಕೊಂಡರೆ ರಕ್ತದೊತ್ತಡವನ್ನೋ ಸಕ್ಕರೆ ಕಾಯಿಲೆಯನ್ನೋ ದೂರುವುದು ವಾಡಿಕೆ. ತರುಣರಾದರೆ ಕ್ಷಯದ ನೆನಪು. ಎರಡೂ ತಪ್ಪಲ್ಲ, ಆದರೆ ಮೂರನೆಯದೊಂದು ಇದೆ ಎಂಬುದು ಮರೆತುಹೋಗುತ್ತದೆ.

ಕೆಲವರಲ್ಲಿ ತೊಂದರೆ ಕಣ್ಣಿನ ಮುಂಭಾಗದಲ್ಲೇ ಎದ್ದು ಕಾಣುತ್ತದೆ. ಕಣ್ಣು ಕೆಂಪಾಗಿ ಒತ್ತಡ ಏರುತ್ತದೆ. ಅಪರೂಪಕ್ಕೆ ಬಿಳಿಗುಡ್ಡೆಯೂ ಊದಿ ನೋಯುತ್ತದೆ. ಪಾಪೆಯನ್ನು ಹಿಗ್ಗಿಸಿ ಹಿಂಭಾಗವನ್ನು ನೋಡದೆ ಕೇವಲ ಹನಿ ಔಷಧ ಕೊಟ್ಟು ಕಳುಹಿಸಿದರೆ, ಒಳಗಿನ ಹುಣ್ಣು ತನ್ನ ಪಾಡಿಗೆ ತಾನು ಬೆಳೆಯುತ್ತದೆ. ‘ಹನಿ ಹಾಕಿದರೆ ನಾಲ್ಕು ಗಂಟೆ ಓದಲಾಗದು, ಬೇಡ’ ಎಂದು ಪಾಪೆ ಹಿಗ್ಗಿಸುವ ಪರೀಕ್ಷೆಯಿಂದ ತಪ್ಪಿಸಿಕೊಳ್ಳುವ ಹಿರಿಯರು ನಮ್ಮಲ್ಲಿ ಬಹಳ. ಆ ನಾಲ್ಕು ಗಂಟೆಯನ್ನು ಕೊಟ್ಟುಬಿಡುವುದೇ ಲೇಸು.

ಎಲ್ಲಕ್ಕಿಂತ ಭಯಂಕರವಾದ ವೇಷ ವೃದ್ಧರಲ್ಲಿ ಮತ್ತು ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಕಾಣುವುದು. ಕ್ಯಾನ್ಸರಿಗೆ ಔಷಧ ಪಡೆಯುತ್ತಿರುವವರು, ಮೂತ್ರಪಿಂಡ ಕಸಿಯಾದವರು, ಎಚ್.ಐ.ವಿ. ಸೋಂಕಿತರು ಈ ಗುಂಪಿನವರು. ಇವರಲ್ಲಿ ಹಳೆಯ ಕಲೆಯ ಗುರುತೇ ಇಲ್ಲದಿರಬಹುದು. ಹುಣ್ಣು ಒಂದೇ ಇರದೆ ಹಲವಿರಬಹುದು, ಎರಡೂ ಕಣ್ಣುಗಳಲ್ಲಿರಬಹುದು. ವಾರಗಳಲ್ಲೇ ಅಕ್ಷಿಪಟಲದ ದೊಡ್ಡ ಭಾಗವನ್ನು ನುಂಗಬಹುದು. ನೋಡುವುದಕ್ಕೆ ಇದು ಹರ್ಪಿಸ್ ಜಾತಿಯ ವೈರಸ್ಸಿನಿಂದ ಆಗುವ ಕೊಳೆತದಂತೆಯೇ ಇರುತ್ತದೆ. ವೈರಸ್ಸಿನ ಔಷಧಕ್ಕೆ ಈ ಜೀವಿ ಜಗ್ಗುವುದಿಲ್ಲ. ಎಚ್.ಐ.ವಿ. ಇದ್ದವರ ಕಣ್ಣಿನಲ್ಲಿ ಇದು ಕಂಡರೆ ಮೆದುಳಿನ ಸ್ಕ್ಯಾನ್ ಮಾಡಿಸುವುದೂ ಅಗತ್ಯ, ಏಕೆಂದರೆ ಅಲ್ಲಿಯೂ ಅದು ಎಚ್ಚೆತ್ತಿರುವ ಸಂಭವವುಂಟು.

ಮಕ್ಕಳ ಮಾತು ಬೇರೆ. ಗರ್ಭಿಣಿಗೆ ಮೊದಲ ಬಾರಿ ಸೋಂಕು ತಗುಲಿದರೆ ಅದು ಗರ್ಭದ ಶಿಶುವಿಗೂ ದಾಟಬಲ್ಲದು. ಶಿಶುವಿನ ದೃಷ್ಟಿಯ ನಡುಬಿಂದುವಿನಲ್ಲೇ ಕಲೆ ಬಿದ್ದರೆ ಅದು ಮೆಳ್ಳೆಗಣ್ಣಾಗಿ ಹೊರಗೆ ಕಾಣುತ್ತದೆ. ‘ಮೆಳ್ಳೆಗಣ್ಣು ಅದೃಷ್ಟ’ ಎಂದು ಅಜ್ಜಿಯರು ಸಮಾಧಾನ ಹೇಳುವುದುಂಟು. ಅದೃಷ್ಟವೋ ಅಲ್ಲವೋ, ಆ ಮಗುವಿನ ಕಣ್ಣಿನ ಹಿಂಭಾಗವನ್ನು ಒಮ್ಮೆ ನೋಡಿಸಲೇಬೇಕು. ಕೆಲವು ಮಕ್ಕಳಲ್ಲಿ ಪಾಪೆಯೇ ಬೆಳ್ಳಗೆ ಹೊಳೆಯುತ್ತದೆ. ಆಗ ಕಣ್ಣಿನ ಕ್ಯಾನ್ಸರ್ ಎಂಬ ಅನುಮಾನಕ್ಕೂ ಅವಕಾಶವಾಗುತ್ತದೆ. ಹುಟ್ಟುವಾಗ ನಿರ್ಮಲವಾಗಿದ್ದ ಕಣ್ಣಿನಲ್ಲಿ ಹತ್ತು ಇಪ್ಪತ್ತು ವರ್ಷಗಳ ಮೇಲೆ ಹುಣ್ಣು ಮೂಡುವುದೂ ಉಂಟು. ಬಹುಕಾಲ ವೈದ್ಯರು ಕಣ್ಣಿನ ಟಾಕ್ಸೊಪ್ಲಾಸ್ಮಾವೆಲ್ಲ ಹೀಗೆ ಗರ್ಭದಿಂದಲೇ ಬಂದದ್ದೆಂದು ನಂಬಿದ್ದರು. ದಕ್ಷಿಣ ಬ್ರೆಜಿಲ್ಲಿನ ಎರೆಶಿಂ ಪ್ರದೇಶದ ಅಧ್ಯಯನಗಳು ಆ ನಂಬಿಕೆಯನ್ನು ಅಲುಗಿಸಿದವು. ಅಲ್ಲಿ 1992ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ 1,042 ಜನರ ಪೈಕಿ 184 ಜನರ ಕಣ್ಣಿನಲ್ಲಿ ಈ ರೋಗದ ಗುರುತು ಸಿಕ್ಕಿತು. ಹುಟ್ಟಿದ ಮೇಲೆ ತಗುಲಿದ ಸೋಂಕೂ ಕಣ್ಣನ್ನು ಕೆಡಿಸಬಲ್ಲದೆಂದು ಒಪ್ಪಬೇಕಾಯಿತು. ವಿಕ್ಟೋರಿಯಾ ಮತ್ತು ಕೊಯಮತ್ತೂರು ಅದಕ್ಕೆ ಮುದ್ರೆಯೊತ್ತಿದವು.

ಇಷ್ಟೊಂದು ವೇಷಗಳನ್ನು ವಿವರಿಸಿದ್ದು ಓದುಗರನ್ನು ಹೆದರಿಸಲಿಕ್ಕಲ್ಲ. ಹೇಳಬೇಕಾದ ಮುಖ್ಯ ಮಾತು ಸ್ಟೀರಾಯ್ಡಿನದು. ಮೇಲೆ ಹೇಳಿದ ಬಹುಪಾಲು ಉರಿಯೂತಗಳಿಗೆ ಸ್ಟೀರಾಯ್ಡ್ ಒಳ್ಳೆಯ ಔಷಧ. ಅದು ಊತವನ್ನು ಇಳಿಸಿ ನೋಟವನ್ನು ತಿಳಿಗೊಳಿಸುತ್ತದೆ. ಟಾಕ್ಸೊಪ್ಲಾಸ್ಮಾದಲ್ಲಿಯೂ ಅದನ್ನು ಬಳಸುತ್ತಾರೆ, ಆದರೆ ಪರೋಪಜೀವಿಯನ್ನು ಹತ್ತಿಕ್ಕುವ ಔಷಧದ ಜೊತೆಗೆ ಮಾತ್ರ. ಆ ಕಾವಲಿಲ್ಲದೆ ಸ್ಟೀರಾಯ್ಡನ್ನಷ್ಟೇ ಕೊಟ್ಟರೆ ದೇಹದ ಪಹರೆಯವರನ್ನು ಮಲಗಿಸಿ ಕಳ್ಳನಿಗೆ ಬಾಗಿಲು ತೆರೆದಂತಾಗುತ್ತದೆ. ಮೊದಲ ಕೆಲವು ದಿನ ಕಣ್ಣು ಸುಧಾರಿಸಿದಂತೆ ತೋರುವುದೇ ಇದರ ಮೋಸ. ಆಮೇಲೆ ಹುಣ್ಣು ಹರಡುತ್ತದೆ. ತಿಂಗಳುಗಟ್ಟಲೆ ಕೆಲಸಮಾಡುವ ಸ್ಟೀರಾಯ್ಡನ್ನು ಕಣ್ಣಿನೊಳಗೋ ಪಕ್ಕದಲ್ಲೋ ಚುಚ್ಚಿದ್ದರೆ ಅದನ್ನು ಹಿಂದಕ್ಕೆ ಪಡೆಯುವುದೂ ಸುಲಭವಲ್ಲ. ಹೀಗೆ ಕಣ್ಣು ಕಳೆದುಕೊಂಡವರ ವರದಿಗಳು ವೈದ್ಯಸಾಹಿತ್ಯದಲ್ಲಿ ಕಡಿಮೆಯೇನಿಲ್ಲ. ಔಷಧದಂಗಡಿಯಲ್ಲಿ ‘ಹಿಂದೆ ಡಾಕ್ಟರು ಬರೆದಿದ್ದ ಮಾತ್ರೆ’ ಎಂದು ಕೇಳಿ ಪಡೆದು ತಾವೇ ನುಂಗುವವರು ಇದನ್ನು ಎರಡು ಬಾರಿ ಓದಬೇಕೆಂದು ನನ್ನ ಕೋರಿಕೆ.

ಹಾಗಾದರೆ ಒಂದು ರಕ್ತಪರೀಕ್ಷೆಯಿಂದ ಎಲ್ಲವೂ ತಿಳಿಯದೇ? ತಿಳಿಯದು. ರಕ್ತದಲ್ಲಿ ಹಳೆಯ ಸೋಂಕಿನ ಪ್ರತಿಕಾಯ ಇದ್ದರೆ, ಈ ವ್ಯಕ್ತಿಗೆ ಎಂದೋ ಸೋಂಕು ತಗುಲಿತ್ತು ಎಂದಷ್ಟೇ ಅರ್ಥ. ಆರೋಗ್ಯವಂತರಾದ ಎಷ್ಟೋ ಜನರಲ್ಲಿ ಅದಿರುತ್ತದೆ. ಆ ಪ್ರತಿಕಾಯ ಇಲ್ಲವೇ ಇಲ್ಲವೆಂದಾದರೆ ಮಾತ್ರ ಈ ರೋಗವಲ್ಲವೆಂದು ಹೆಚ್ಚುಕಡಿಮೆ ನಂಬಬಹುದು. ಸಂದೇಹ ಬಿಡದಿದ್ದಾಗ ತಜ್ಞರು ಕಣ್ಣಿನೊಳಗಿನ ದ್ರವದ ಒಂದು ಹನಿಯನ್ನು ಸೂಜಿಯಿಂದ ತೆಗೆದು ಪಿ.ಸಿ.ಆರ್. ಪರೀಕ್ಷೆಗೆ ಕಳುಹಿಸುತ್ತಾರೆ. ಜೀವಿಯ ವಂಶದ್ರವ್ಯವನ್ನೇ ಹುಡುಕುವ ಪರೀಕ್ಷೆಯಿದು. ಕಣ್ಣಿಗೆ ಸೂಜಿಯೆಂದ ಕೂಡಲೇ ಮನೆಯವರು ಬೆಚ್ಚುವುದು ಸಹಜ. ಆದರೂ ವೇಷ ಕಳಚಿಸುವ ನೇರವಾದ ಉಪಾಯ ಅದೇ.

ಚಿಕಿತ್ಸೆಯ ವಿಷಯದಲ್ಲಿ ನಿರಾಶೆಗೆ ಕಾರಣವಿಲ್ಲ. ಆರೋಗ್ಯವಂತರಲ್ಲಿ ಅಂಚಿನಲ್ಲೆಲ್ಲೋ ಆದ ಸಣ್ಣ ಹುಣ್ಣು ಆರರಿಂದ ಎಂಟು ವಾರಗಳಲ್ಲಿ ತಾನಾಗಿಯೇ ಮಾಯುವುದುಂಟು. ನಡುಬಿಂದುವಿಗೋ ನರಕ್ಕೋ ಹತ್ತಿರವಿದ್ದರೆ ತಡಮಾಡುವಂತಿಲ್ಲ. ಪೈರಿಮೆಥಮಿನ್ ಮತ್ತು ಸಲ್ಫಾಡಯಾಜಿನ್ ಹಳೆಯ ಜೋಡಿ. ಪೈರಿಮೆಥಮಿನ್ ರಕ್ತಕಣಗಳನ್ನು ಕುಗ್ಗಿಸುವುದರಿಂದ ಜೊತೆಗೆ ಫಾಲಿನಿಕ್ ಆಮ್ಲ ಕೊಟ್ಟು ಆಗಾಗ ರಕ್ತ ನೋಡುತ್ತಾರೆ. ಇದು ಗರ್ಭಿಣಿಯರು ತೆಗೆದುಕೊಳ್ಳುವ ಫಾಲಿಕ್ ಆಮ್ಲವಲ್ಲ. ಹೆಸರು ಹತ್ತಿರವೆಂದು ಒಂದರ ಬದಲು ಇನ್ನೊಂದನ್ನು ನುಂಗಬಾರದು. ಸುಲಭವಾಗಿ ಸಿಗುವ, ಅಗ್ಗವಾದ ಕೋಟ್ರೈಮಾಕ್ಸಝೋಲ್ ಮಾತ್ರೆಯೂ ಚೆನ್ನಾಗಿ ಕೆಲಸಮಾಡುತ್ತದೆ. ಸಲ್ಫಾ ಜಾತಿಯ ಔಷಧ ಒಗ್ಗದೆ ಹಿಂದೆಂದಾದರೂ ಮೈಮೇಲೆ ಗಂಧೆಗಳೆದ್ದಿದ್ದರೆ ಅದನ್ನು ಮೊದಲೇ ಹೇಳಬೇಕು. ಅಂಥವರಿಗೆ, ಮತ್ತು ಗರ್ಭಿಣಿಯರಿಗೆ, ಕ್ಲಿಂಡಮೈಸಿನ್ ಔಷಧವನ್ನು ಕಣ್ಣಿನೊಳಕ್ಕೇ ಚುಚ್ಚುವ ಮಾರ್ಗವೂ ಇದೆ.

ಮನೆಯಲ್ಲಿ ವಹಿಸಬೇಕಾದ ಎಚ್ಚರ ಕಷ್ಟದ್ದಲ್ಲ. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿದರೆ ಮೊಟ್ಟೆಕೋಶಗಳು ಸಾಯುತ್ತವೆ. ಹಸಿಯಾಗಿ ತಿನ್ನುವ ಸೊಪ್ಪು, ಸೌತೆ, ಮೂಲಂಗಿಗಳನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಹಿತ್ತಲಿನ ಕೆಲಸವಾದ ಮೇಲೆ ಕೈಗೆ ಸಾಬೂನು ಬೇಕೇ ಬೇಕು. ಬಯಕೆಯ ದಿನಗಳಲ್ಲಿ ಮಣ್ಣು, ಹೆಂಟೆ ತಿನ್ನುವ ಆಸೆ ಕೆಲವು ಹೆಣ್ಣುಮಕ್ಕಳಿಗೆ ಆಗುವುದುಂಟು. ಅತ್ತೆಯವರೋ ತಾಯಿಯವರೋ ಅದನ್ನು ನಕ್ಕು ಬಿಡದೆ ತಡೆಯಬೇಕು. ಬೆಕ್ಕು ಮುಚ್ಚಿಟ್ಟದ್ದು ಆ ಮಣ್ಣಿನಲ್ಲೇ. ಹಾಗೆಂದು ಮನೆಯ ಬೆಕ್ಕನ್ನು ಹೊರಗಟ್ಟಬೇಕಾಗಿಲ್ಲ. ಒಂದು ಬೆಕ್ಕು ಸಾಮಾನ್ಯವಾಗಿ ಜೀವಮಾನದಲ್ಲಿ ಆ ಒಂದೆರಡು ವಾರ ಮಾತ್ರ ಮೊಟ್ಟೆಕೋಶಗಳನ್ನು ಹೊರಹಾಕುತ್ತದೆ. ಅದರ ಮಲವನ್ನು ಅಂದಂದೇ, ಗರ್ಭಿಣಿಯಲ್ಲದ ಮತ್ತೊಬ್ಬರು ತೆಗೆದರೆ ಸಾಕು. ಬೆಕ್ಕನ್ನು ಮುಟ್ಟಿದರೇ ಕಣ್ಣು ಹೋಗುತ್ತದೆಂಬ ಹೆದರಿಕೆಗೆ ಆಧಾರವಿಲ್ಲ.

ಒಮ್ಮೆ ಈ ರೋಗ ಬಂದು ಹೋದವರ ಚಿಂತೆ ಮರುಕಳಿಕೆಯದು. ಬ್ರೆಜಿಲ್ಲಿನಲ್ಲಿ 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮೂರು ದಿನಕ್ಕೊಮ್ಮೆ ಕೋಟ್ರೈಮಾಕ್ಸಝೋಲ್ ಪಡೆದ 61 ಜನರ ಪೈಕಿ ಇಪ್ಪತ್ತು ತಿಂಗಳಲ್ಲಿ ನಾಲ್ವರಿಗೆ ರೋಗ ಮರುಕಳಿಸಿತು; ಔಷಧವಿಲ್ಲದ 63 ಜನರಲ್ಲಿ ಹದಿನೈದು ಮಂದಿಗೆ. ಪದೇ ಪದೇ ಮರುಕಳಿಸುವವರು ಇದನ್ನು ತಮ್ಮ ವೈದ್ಯರೊಡನೆ ಚರ್ಚಿಸಬಹುದು. ಅಂಥವರು ಮಾಡಬಹುದಾದ ಇನ್ನೆರಡು ಸಣ್ಣ ಕೆಲಸಗಳಿವೆ. ಮೊದಲನೆಯದು, ಕಣ್ಣಿನ ಹಳೆಯ ಕಲೆಯ ಚಿತ್ರ ಮತ್ತು ಚೀಟಿಗಳನ್ನು ಮದುವೆ ಪತ್ರಿಕೆಗಳ ರಾಶಿಯಲ್ಲಿ ಬೆರೆಸದೆ ಪ್ರತ್ಯೇಕ ಕಡತದಲ್ಲಿಟ್ಟು, ಯಾವ ಹೊಸ ವೈದ್ಯರ ಬಳಿಗೆ ಹೋದರೂ, ಮಂಡಿನೋವಿಗೆ ಸ್ಟೀರಾಯ್ಡ್ ಚುಚ್ಚಿಸಿಕೊಳ್ಳಲು ಹೋದರೂ, ಜೊತೆಗೆ ಒಯ್ಯುವುದು. ಎರಡನೆಯದು, ಬೆಳಿಗ್ಗೆ ಎದ್ದಾಗ ಗೋಡೆಯ ಕ್ಯಾಲೆಂಡರಿನ ಎದುರು ನಿಂತು, ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ ತಾರೀಖನ್ನು ಓದುವುದು. ಎರಡೂ ಕಣ್ಣು ತೆರೆದಿದ್ದಾಗ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಕೊರತೆಯನ್ನು ಮುಚ್ಚಿಬಿಡುತ್ತದೆ. ಒಂದು ಕಣ್ಣು ಮಸುಕಾದದ್ದು ಎಷ್ಟೋ ಜನರಿಗೆ ವಾರಗಳವರೆಗೆ ಗೊತ್ತೇ ಆಗುವುದಿಲ್ಲ.